ಎರಡೇ ಗೋಲು ಅನ್ನೋ ಸಮಾಧಾನ

ಸಂಕ್ರಾಂತಿಗೆ ಎರಡು ದಿನ ಮುಂಚೆ, ಜನವರಿ 13ರ ಶನಿವಾರ ಸಂಜೆ, ಕತಾರಿನ ಅಲ್ ರಯ್ಯಾನ್‌ನಲ್ಲಿ ಭಾರತ ಫುಟ್ಬಾಲ್ ತಂಡ ಆಸ್ಟ್ರೇಲಿಯಾಕ್ಕೆ 0–2ರಿಂದ ಸೋತಿತು. ಏಷ್ಯನ್ ಕಪ್‌ನ ನಮ್ಮ ಮೊದಲ ಪಂದ್ಯ. ಮುಗಿದ ಮೇಲೆ ನಮ್ಮ ಕಡೆ ಫುಟ್ಬಾಲ್ ನೋಡೋ ಜನರ ಬಾಯಲ್ಲಿ ಬಂದ ಮಾತು ಹೆಚ್ಚುಕಮ್ಮಿ ಒಂದೇ: ‘ಎರಡೇ ಗೋಲಲ್ವಾ, ಪರವಾಗಿಲ್ಲ ಬಿಡಿ.’ ಐದೋ ಆರೋ ಬೀಳುತ್ತೆ ಅಂತ ಹೆದರಿಕೊಂಡು ಕೂತಿದ್ದವರಿಗೆ ಎರಡು ಅನ್ನೋದು ಲಾಭದ ಹಾಗೇ ಕಂಡಿತು. ಮರುದಿನದ ಮಾತಿನಲ್ಲೆಲ್ಲ ‘ದಿಟ್ಟ ಹೋರಾಟ’, ‘ಮರ್ಯಾದೆಯ ಸೋಲು’.

ಈಗ ಟೂರ್ನಿಯೇ ಮುಗಿದಿದೆ. ಕತಾರ್ ಕಪ್ ಎತ್ತಿದ್ದೂ ಆಯಿತು. ನಮ್ಮವರು ಮೂರು ಪಂದ್ಯ ಆಡಿ ಮೂರೂ ಸೋತು, ಒಂದೇ ಒಂದು ಗೋಲು ಹೊಡೆಯದೆ ಮನೆಗೆ ಬಂದರು. ಆಮೇಲಿನ ಎರಡು ಸೋಲಿಗೆ ಬೈದವರು ಬಹಳ ಜನ. ಆದರೆ ಅದೇ ಜನ ಆ ಮೊದಲ ಪಂದ್ಯವನ್ನು ಮಾತ್ರ ಇನ್ನೂ ಮೆಚ್ಚುಗೆಯ ಪಟ್ಟಿಯಲ್ಲೇ ಇಟ್ಟಿದ್ದಾರೆ. ‘ಆಸ್ಟ್ರೇಲಿಯಾ ಎದುರು ಚೆನ್ನಾಗಿ ಆಡಿದ್ರು, ಆಮೇಲೆ ಹಾಳಾಯ್ತು’ ಅನ್ನೋ ಕಥೆ. ನನಗೆ ಈ ಕಥೆಯ ಮೇಲೇ ತಕರಾರು. ಹಾಳಾಗಿದ್ದು ಆಮೇಲೆ ಅಲ್ಲ. ಆ ಎರಡು ಸೋಲಿನ ಬೀಜ ನಾವು ಚಪ್ಪಾಳೆ ತಟ್ಟಿದ ಆ ಪಂದ್ಯದಲ್ಲೇ ಇತ್ತು.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಆಸ್ಟ್ರೇಲಿಯಾ ಅಂದರೆ ಸಾಮಾನ್ಯ ಎದುರಾಳಿ ಅಲ್ಲ. ಫಿಫಾ ಪಟ್ಟಿಯಲ್ಲಿ ಅವರು 25, ನಾವು 102. ಅದಕ್ಕಿಂತ ಹದಿಮೂರು ತಿಂಗಳ ಹಿಂದೆ ವಿಶ್ವಕಪ್‌ನಲ್ಲಿ ಕೊನೆಯ ಹದಿನಾರರ ಘಟ್ಟದವರೆಗೆ ಹೋಗಿ ಬಂದ ತಂಡ. ಅವರ ಡಿಫೆಂಡರು ಹ್ಯಾರಿ ಸೌಟರ್ ಆರೂವರೆ ಅಡಿ ಎತ್ತರದ ಆಳು. ಕಾರ್ನರ್ ಕಿಕ್ಕಿಗೆ ಅವನು ನಮ್ಮ ಪೆಟ್ಟಿಗೆಗೆ ಬಂದು ನಿಂತರೆ ತೆಂಗಿನ ಮರ ಬಂದು ನಿಂತ ಹಾಗೆ. ನಮ್ಮ ಕಡೆ ಅನ್ವರ್ ಅಲಿ ಗಾಯಾಳು, ಜೀಕ್ಸನ್ ಸಿಂಗ್ ಗಾಯಾಳು, ಆಶಿಕ್ ಕುರುನಿಯನ್ ಗಾಯಾಳು. ಐಎಸ್‌ಎಲ್ ಡಿಸೆಂಬರ್ ಕೊನೆಯವರೆಗೂ ಎಳೆದುಕೊಂಡು ಹೋಗಿದ್ದರಿಂದ ಕೋಚ್ ಇಗೊರ್ ಸ್ಟಿಮಾಚ್ ಕೈಗೆ ತಂಡ ಒಟ್ಟಾಗಿ ಸಿಕ್ಕಿದ್ದು ಸುಮಾರು ಎರಡು ವಾರ. ಇಷ್ಟನ್ನೂ ಇಟ್ಟುಕೊಂಡೇ ಪಂದ್ಯ ನೋಡಬೇಕು.

ಮೊದಲ 45 ನಿಮಿಷ ನಮ್ಮವರು ಮಾಡಿದ ಕೆಲಸ ಒಂದೇ, ಅದನ್ನು ಅಚ್ಚುಕಟ್ಟಾಗಿ ಮಾಡಿದರು. ಹತ್ತೂ ಜನ ನಮ್ಮ ಅರ್ಧದೊಳಗೆ, ಎರಡು ಸಾಲಾಗಿ, ಸಾಲುಗಳ ನಡುವೆ ಜಾಗ ಬಿಡದ ಹಾಗೆ. ಮಧ್ಯದಿಂದ ನುಗ್ಗೋಕೆ ದಾರಿ ಇಲ್ಲದೆ ಆಸ್ಟ್ರೇಲಿಯಾ ಎಡ ಬಲದ ಅಂಚಿಗೆ ಹೋಗಿ ಕ್ರಾಸ್ ಹಾಕೋದು, ಸಂದೇಶ್ ಝಿಂಗನ್ ಅದಕ್ಕೆ ತಲೆ ಕೊಟ್ಟು ಆಚೆ ಕಳಿಸೋದು. ಮತ್ತೆ ಕ್ರಾಸು, ಮತ್ತೆ ಝಿಂಗನ್. ಪಕ್ಕದಲ್ಲಿ ರಾಹುಲ್ ಭೆಕೆ, ಮುಂದೆ ದೀಪಕ್ ಟಾಂಗ್ರಿ, ಅಪುಯಾ, ಸುರೇಶ್ ವಾಂಗ್ಜಮ್. ಯಾರೂ ಜಾಗ ಬಿಟ್ಟು ಓಡಲಿಲ್ಲ, ಗಾಬರಿಯಲ್ಲಿ ಸುಮ್ಮನೆ ಕಾಲು ಹಾಕಲಿಲ್ಲ. ಅರ್ಧ ಮುಗಿದಾಗ 0–0. ಝಿಂಗನ್ ಆ ಅರ್ಧದಲ್ಲಿ ಆಡಿದ ಆಟವನ್ನು ನಮ್ಮ ಊರಿನ ಯಾವ ಹುಡುಗ ಡಿಫೆಂಡರಿಗಾದರೂ ಪಾಠದ ಹಾಗೆ ತೋರಿಸಬಹುದು.

ಅದೇ ಅರ್ಧದಲ್ಲಿ ನಮಗೂ ಒಂದು ಅವಕಾಶ ಬಂತು. ಹದಿನಾರನೇ ನಿಮಿಷದ ಹೊತ್ತಿಗೆ ನಿಖಿಲ್ ಪೂಜಾರಿ (ಈ ಹೆಸರು ಕೇಳಿದರೆ ನಮ್ಮ ಕರಾವಳಿಯವರ ಕಿವಿ ನೆಟ್ಟಗಾಗುತ್ತೆ) ಬಲಗಡೆಯಿಂದ ಒಂದು ಒಳ್ಳೇ ಕ್ರಾಸ್ ಹಾಕಿದ. ಸುನಿಲ್ ಚೆಟ್ರಿ ಗೋಲಿನ ಹತ್ತಿರವೇ ಇದ್ದರು. ತಲೆ ಕೊಟ್ಟರು, ಚೆಂಡು ಕಂಬದ ಆಚೆ ಹೋಯಿತು. ಚೆಟ್ರಿ ಇಂಥ ಚೆಂಡನ್ನು ಒಳಗೆ ಹಾಕಿದ್ದನ್ನು ನಾವು ಕಂಠೀರವದಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೀವಿ. ಆದರೆ ಇದನ್ನು ‘ಅಯ್ಯೋ, ಅದೊಂದು ಹೋಗಿದ್ರೆ!’ ಅಂತ ಕೊರಗೋದಕ್ಕಿಂತ ಬೇರೆ ರೀತಿ ನೋಡಬೇಕು. ತೊಂಬತ್ತು ನಿಮಿಷದಲ್ಲಿ ನೆನಪಿಟ್ಟುಕೊಂಡು ಹೇಳುವಂಥ ಅವಕಾಶ ಇದೊಂದೇ ಯಾಕೆ? ನನ್ನ ಪ್ರಶ್ನೆ ಅಲ್ಲಿಂದ ಶುರುವಾಗುತ್ತೆ.

ಎರಡನೇ ಅರ್ಧ ಶುರುವಾಗಿ ಐದು ನಿಮಿಷಕ್ಕೆ ಮೊದಲ ಗೋಲು. ಬಲಗಡೆಯಿಂದ ಮಾರ್ಟಿನ್ ಬಾಯ್ಲ್ ಹಾಕಿದ ಕ್ರಾಸನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ದೂರ ತಳ್ಳೋಕೆ ಆಗದೆ ಅಲ್ಲೇ ಪೆಟ್ಟಿಗೆಯೊಳಗೆ ಬಿಟ್ಟರು. ಚೆಂಡು ಸಿಕ್ಕಿದ್ದು ಜಾಕ್ಸನ್ ಇರ್ವಿನ್‌ಗೆ. ಎಡಗಾಲಲ್ಲಿ ಹೊಡೆದ, ಒಳಗೆ. 73ನೇ ನಿಮಿಷದಲ್ಲಿ ರೈಲಿ ಮೆಗ್ರೀ ಬಲಬದಿಯಲ್ಲಿ ಒಳಗೆ ನುಗ್ಗಿ ಅಡ್ಡಕ್ಕೆ ಕೊಟ್ಟ ಚೆಂಡನ್ನು, ಆಗಷ್ಟೇ ಬದಲಿಯಾಗಿ ಬಂದಿದ್ದ ಜೋರ್ಡನ್ ಬಾಸ್ ಸುಲಭವಾಗಿ ಬಲೆಗೆ ಸೇರಿಸಿದ. ದೇಶಕ್ಕಾಗಿ ಅವನ ಮೊದಲ ಗೋಲು ಅದು. ಅಲ್ಲಿಗೆ ಮುಗಿಯಿತು.

ಮೊದಲ ಗೋಲಿಗೆ ಗುರ್‌ಪ್ರೀತ್ ಮೇಲೆ ಹರಿಹಾಯ್ದವರು ಇದ್ದಾರೆ. ತಪ್ಪು ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲೆಕ್ಕ ಹಾಕಿ. ಒಬ್ಬ ಕೀಪರ್ ಮುಂದೆ ಐವತ್ತು ನಿಮಿಷ ಬಿಡುವಿಲ್ಲದೆ ಕ್ರಾಸ್ ಬೀಳ್ತಾ ಇದ್ದರೆ, ಅದರಲ್ಲಿ ಒಂದು ಕೈ ಜಾರೇ ಜಾರುತ್ತೆ. ಗುರ್‌ಪ್ರೀತ್ ಅಲ್ಲದಿದ್ದರೆ ಝಿಂಗನ್, ಝಿಂಗನ್ ಅಲ್ಲದಿದ್ದರೆ ಭೆಕೆ. ಸೋರೋ ಮಾಳಿಗೆ ಕೆಳಗೆ ಪಾತ್ರೆ ಇಡೋದರಲ್ಲಿ ನೀವು ಎಷ್ಟೇ ಚುರುಕಾಗಿದ್ದರೂ, ಮಳೆ ನಿಲ್ಲದಿದ್ದರೆ ಮನೆ ಒದ್ದೆ ಆಗೋದೇ. ಕೇಳಬೇಕಾದ್ದು ‘ಪಾತ್ರೆ ಯಾಕೆ ತುಂಬಿತು’ ಅಂತಲ್ಲ, ‘ಮಳೆ ಯಾಕೆ ನಿಲ್ಲಲಿಲ್ಲ’ ಅಂತ.

ಮಳೆ ಯಾಕೆ ನಿಲ್ಲಲಿಲ್ಲ? ಚೆಂಡು ನಮ್ಮ ಕಾಲಿಗೆ ಸಿಕ್ಕಾಗಲೆಲ್ಲ ನಾವು ಅದನ್ನು ಅವರಿಗೇ ವಾಪಸ್ ಕೊಟ್ಟಿದ್ದರಿಂದ. ಝಿಂಗನ್ ತಲೆಯಿಂದ ಆಚೆ ಹೋದ ಚೆಂಡು ಯಾರಿಗೆ ಸಿಕ್ಕಿತು ಅಂತ ಗಮನಿಸುತ್ತಾ ಆ ಪಂದ್ಯವನ್ನು ಇನ್ನೊಂದು ಸಲ ನೋಡಿ. ಬಹುಪಾಲು ಹಳದಿ ಅಂಗಿಗೆ. ನಮ್ಮವರಿಗೆ ಸಿಕ್ಕರೆ ಒಂದು ಪಾಸು, ಕಷ್ಟಪಟ್ಟು ಇನ್ನೊಂದು, ಮೂರನೆಯದು ಉದ್ದಕ್ಕೆ ಗಾಳಿಯಲ್ಲಿ. ಗಾಳಿಯಲ್ಲಿ ಹೋದ ಚೆಂಡಿಗೆ ಎದುರು ನಿಂತಿರೋದು ಯಾರು? ಅದೇ ಆರೂವರೆ ಅಡಿ ಸೌಟರ್. ಅವನ ಜೊತೆ ಎಗರಬೇಕಾದ್ದು 39 ವರ್ಷದ, ಎತ್ತರದಲ್ಲಿ ಅವನ ಭುಜಕ್ಕೆ ಬರೋ ಚೆಟ್ರಿ. ಇದು ಯೋಜನೆ ಅಲ್ಲ, ಹರಕೆ.

ಚಾಂಗ್ಟೆ ನಮ್ಮಲ್ಲೇ ವೇಗದ ಆಟಗಾರ, ಮನ್ವೀರ್ ಸಿಂಗ್‌ಗೆ ಮೈಕಟ್ಟು ಇದೆ. ಇವರಿಬ್ಬರೂ ಬಹುಪಾಲು ಹೊತ್ತು ನಮ್ಮದೇ ಡಿಫೆಂಡರುಗಳ ಪಕ್ಕ ನಿಂತು ಕಾವಲು ಕಾಯ್ತಾ ಇದ್ದರು. ಅಲ್ಲಿಂದ ಎದುರಾಳಿ ಗೋಲಿಗೆ ಎಂಬತ್ತು ಮೀಟರ್. ಚೆಂಡು ಸಿಕ್ಕ ಕ್ಷಣ ಓಡಬೇಕು ಅಂದರೂ ಕೊಡೋನು ಬೇಕಲ್ಲ? ಕೊಡೋನಿಗೆ ಚೆಂಡು ಎರಡು ಕ್ಷಣ ಕಾಲಲ್ಲಿಟ್ಟುಕೊಳ್ಳೋ ಧೈರ್ಯ ಬೇಕಲ್ಲ? ಆ ಧೈರ್ಯ ನಮ್ಮ ಮಿಡ್‌ಫೀಲ್ಡಿನಲ್ಲಿ ಕಾಣಲಿಲ್ಲ. ಅಪುಯಾಗೆ, ಸುರೇಶ್‌ಗೆ ಆ ಕಸುಬು ಗೊತ್ತಿಲ್ಲ ಅಂತಲ್ಲ. ಅವರಿಗೆ ಆ ಕೆಲಸ ಕೊಟ್ಟಿರಲಿಲ್ಲ ಅಂತಲೇ ನನಗೆ ಅನ್ನಿಸೋದು.

ಇಲ್ಲಿ ಒಂದು ಮಾತು ಬರುತ್ತೆ. ‘ಬಲಿಷ್ಠರ ಎದುರು ಹಿಂದೆ ಕೂತು ತಡೆಯದೆ ಇನ್ನೇನು ಮಾಡೋದು? ಮುಂದೆ ಹೋದರೆ ಆರು ಬೀಳುತ್ತೆ.’ ಒಪ್ಪೋಣ, ಹಿಂದೆ ಕೂರೋದು ತಪ್ಪಲ್ಲ. ಆದರೆ ಹಿಂದೆ ಕೂರೋದು ಒಂದು ಉಪಾಯ, ಅದೇ ಗುರಿ ಅಲ್ಲ. ನಮ್ಮವರಿಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದರೆ ದ್ರಾವಿಡ್ ಉದಾಹರಣೆ ಸಾಕು. ‘ಗೋಡೆ’ ಅಂತ ಕರೆದೆವು ಅವರನ್ನ. 2003ರ ಡಿಸೆಂಬರಿನಲ್ಲಿ, ಇದೇ ಆಸ್ಟ್ರೇಲಿಯಾದ ಎದುರು, ಅಡಿಲೇಡಿನಲ್ಲಿ ಆ ಗೋಡೆ 233 ಹೊಡೆಯಿತು, ಎರಡನೇ ಇನಿಂಗ್ಸಲ್ಲಿ ಔಟಾಗದೆ 72 ಹೊಡೆದು ಪಂದ್ಯ ಗೆಲ್ಲಿಸಿತು. ಒಳ್ಳೇ ಚೆಂಡನ್ನು ತಡೆದಿದ್ದು, ಕೆಟ್ಟ ಚೆಂಡು ಬಂದಾಗ ಬೌಂಡರಿಗೆ ಕಳಿಸೋದಕ್ಕೆ. ತಡೆಯೋದಷ್ಟೇ ಗೊತ್ತಿದ್ದಿದ್ದರೆ ಅದು ಗೋಡೆ ಆಗ್ತಿರಲಿಲ್ಲ, ಬರೀ ಅಡ್ಡಿ ಆಗ್ತಿತ್ತು.

ಫುಟ್ಬಾಲಿನಲ್ಲೇ ಉದಾಹರಣೆ ಬೇಕು ಅಂದರೆ ದೂರ ಹೋಗಬೇಕಿಲ್ಲ. ನಾವು ಸೋತ ಅದೇ ಅಹ್ಮದ್ ಬಿನ್ ಅಲಿ ಸ್ಟೇಡಿಯಮ್ಮಿನಲ್ಲಿ, 2022ರ ಡಿಸೆಂಬರ್ 3ರಂದು, ಇದೇ ಆಸ್ಟ್ರೇಲಿಯಾ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಎದುರು ಆಡಿತ್ತು. ಆವತ್ತು ದುರ್ಬಲರು ಅವರು. ಮೆಸ್ಸಿ ಒಂದು, ಅಲ್ವಾರೆಜ್ ಒಂದು, 0–2 ಆಯಿತು. ನಮ್ಮ ಲೆಕ್ಕದಲ್ಲಿ ಅಲ್ಲಿಗೆ ‘ಮರ್ಯಾದೆಯ ಸೋಲು’ ಸಿದ್ಧ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 77ನೇ ನಿಮಿಷದಲ್ಲಿ ಕ್ರೇಗ್ ಗುಡ್ವಿನ್ ಹೊಡೆದದ್ದು ಎದುರಾಳಿಯ ಮೈಗೆ ತಾಗಿ ಒಳಗೆ ಹೋಯಿತು. ಲೆಫ್ಟ್ ಬ್ಯಾಕ್ ಅಜೀಜ್ ಬೆಹಿಚ್ ನಾಲ್ಕೈದು ಜನರನ್ನು ದಾಟಿಕೊಂಡು ಹೋಗಿ ಹೊಡೆದಾಗ ಲಿಸಾಂಡ್ರೊ ಮಾರ್ಟಿನೆಜ್ ಅಡ್ಡ ಬಿದ್ದು ಉಳಿಸಬೇಕಾಯಿತು. ಕಟ್ಟಕಡೆಯ ನಿಮಿಷಗಳಲ್ಲಿ ಹದಿನೆಂಟು ವರ್ಷದ ಗರಾಂಗ್ ಕುವೊಲ್ ಗೋಲಿನ ಮುಂದೆ ತಿರುಗಿ ಹೊಡೆದದ್ದನ್ನು ಎಮಿಲಿಯಾನೊ ಮಾರ್ಟಿನೆಜ್ ತಡೆಯದೇ ಇದ್ದಿದ್ದರೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗ್ತಿತ್ತು. ಆ ಅರ್ಜೆಂಟೀನಾ ಮುಂದೆ ವಿಶ್ವಕಪ್ ಗೆದ್ದಿತು. ತಮಗಿಂತ ದೊಡ್ಡವರ ಎದುರು ಸೋಲೋದು ಹೇಗೆ ಅಂತ ಆಸ್ಟ್ರೇಲಿಯಾ ಆ ಮೈದಾನದಲ್ಲೇ ತೋರಿಸಿಕೊಟ್ಟಿತ್ತು. ಎದುರಾಳಿಗೆ ಕೊನೆಯಲ್ಲಾದರೂ ಒಂದು ಹತ್ತು ನಿಮಿಷ ಹೊಟ್ಟೆಯಲ್ಲಿ ತಳಮಳ ಹುಟ್ಟಿಸಿದ ಸೋಲು ಅದು. ನಮ್ಮ ಪಂದ್ಯದಲ್ಲಿ ಎರಡನೇ ಗೋಲು ಬಿದ್ದ ಮೇಲೆ ಮುಖವಾಡ ಹಾಕಿಕೊಂಡು ನಿಂತಿದ್ದ ಅವರ ಕೀಪರ್ ಮ್ಯಾಟ್ ರಯಾನ್‌ಗೆ ಅಂಥ ತಳಮಳವೇನಾದರೂ ಇತ್ತೇ? ಅವನ ಕೈಗವಸಿಗೆ ಮಣ್ಣು ಹತ್ತಿದ ನೆನಪೂ ನನಗಿಲ್ಲ.

‘ಆಸ್ಟ್ರೇಲಿಯಾ ಬೇರೆ, ನಾವು ಬೇರೆ’ ಅನ್ನೋದಾದರೆ ನಮ್ಮನ್ನೇ ನಮ್ಮ ಜೊತೆ ಹೋಲಿಸಿ ನೋಡೋಣ.

2011ರ ಏಷ್ಯನ್ ಕಪ್, ದೋಹಾ. ಆಗಲೂ ಮೊದಲ ಪಂದ್ಯ ಆಸ್ಟ್ರೇಲಿಯಾ ಎದುರೇ, 0–4. ಆಮೇಲೆ ಬಹ್ರೇನ್‌ಗೆ 2–5, ದಕ್ಷಿಣ ಕೊರಿಯಾಗೆ 1–4. ಒಟ್ಟು ಬಿಟ್ಟಿದ್ದು 13, ಹೊಡೆದದ್ದು 3. ಅದರಲ್ಲಿ ಎರಡು ಚೆಟ್ರಿಯವು. 2019ರಲ್ಲಿ ಯುಎಇಯಲ್ಲಿ ಬಿಟ್ಟಿದ್ದು 4, ಹೊಡೆದದ್ದು 4. ಥಾಯ್ಲೆಂಡ್ ಎದುರು ಒಂದೇ ಪಂದ್ಯದಲ್ಲಿ ನಾಲ್ಕು, ಅದರಲ್ಲೂ ಎರಡು ಚೆಟ್ರಿಯವು. 2024ರಲ್ಲಿ ಬಿಟ್ಟಿದ್ದು 6, ಹೊಡೆದದ್ದು ಸೊನ್ನೆ.

ಈ ಮೂರು ಸಾಲನ್ನು ಇಟ್ಟುಕೊಂಡು ‘13ರಿಂದ 6ಕ್ಕೆ ಇಳಿದಿದೆ, ಪ್ರಗತಿ’ ಅಂತ ಯಾರಾದರೂ ವಾದ ಮಾಡಬಹುದು. ಆದರೆ ಪಕ್ಕದ ಅಂಕಣವನ್ನೂ ಓದಬೇಕಲ್ಲ? 3, 4, 0. ಫುಟ್ಬಾಲ್ ಪಂದ್ಯದಲ್ಲಿ ಗೋಲು ಬಿಡದೇ ಇದ್ದರೆ ಹೆಚ್ಚೆಂದರೆ ಒಂದು ಪಾಯಿಂಟ್. ಮೂರು ಪಾಯಿಂಟ್ ಬೇಕಾದರೆ ಎದುರಿನ ಬಲೆ ಅಲುಗಾಡಲೇಬೇಕು.

ಇನ್ನೂ ಹತ್ತಿರದ ಹೋಲಿಕೆ ಒಂದಿದೆ. 2019ರ ಜನವರಿ 10, ಅಬುಧಾಬಿ. ಆತಿಥೇಯ ಯುಎಇ ಎದುರು ಭಾರತ ಸೋತದ್ದು ಇದೇ 0–2ರಿಂದ. ಆದರೆ ಆ ಪಂದ್ಯ ನೋಡಿದವರಿಗೆ ನೆನಪಿರಬೇಕು. ಶುರುವಿನಲ್ಲೇ ಆಶಿಕ್ ಮತ್ತು ಚೆಟ್ರಿಗೆ ಸಿಕ್ಕ ಅವಕಾಶಗಳನ್ನು ಅವರ ಕೀಪರ್ ಖಾಲಿದ್ ಈಸಾ ಉಳಿಸಿದ. ಉದಾಂತ ಸಿಂಗ್ ಹೊಡೆದದ್ದು ಕಂಬಕ್ಕೆ ಬಡಿಯಿತು. ಝಿಂಗನ್ ಹೊಡೆದದ್ದೂ ಕಂಬಕ್ಕೇ. ಸೋತು ಬಂದಾಗ ನಮಗೆ ಸಿಟ್ಟು ಬಂದಿತ್ತು, ಗೆಲ್ಲಬಹುದಾಗಿತ್ತಲ್ಲ ಅನ್ನೋ ಸಿಟ್ಟು. ಈ ಸಲ ಬಂದದ್ದು ನಿಟ್ಟುಸಿರು. ಸ್ಕೋರ್‌ಬೋರ್ಡಿನಲ್ಲಿ ಎರಡೂ 0–2. ಮೈದಾನದಲ್ಲಿ ಅವೆರಡಕ್ಕೂ ಸಂಬಂಧವೇ ಇಲ್ಲ. ಐದು ವರ್ಷದಲ್ಲಿ ನಾವು ಸಿಟ್ಟಿನಿಂದ ನಿಟ್ಟುಸಿರಿಗೆ ಇಳಿದಿದ್ದೀವಿ, ಅದನ್ನು ಪ್ರಗತಿ ಅಂತ ಕರೀತಾ ಇದ್ದೀವಿ.

ಹಿಂದೆ ಕೂರೋದರ ಬೆಲೆ ಏನು ಅನ್ನೋದನ್ನೂ ಅದೇ 2019ರ ಟೂರ್ನಿ ಕಲಿಸಿತ್ತು. ನಾಲ್ಕು ದಿನ ಬಿಟ್ಟು ಶಾರ್ಜಾದಲ್ಲಿ ಬಹ್ರೇನ್ ಎದುರು ಡ್ರಾ ಆಗಿದ್ದರೆ ಮುಂದಿನ ಸುತ್ತು ಸಿಗೋದರಲ್ಲಿತ್ತು. ಡ್ರಾಗೋಸ್ಕರ ಕೂತರು. ತೊಂಬತ್ತು ನಿಮಿಷ ತಡೆದು, ಹೆಚ್ಚುವರಿ ನಿಮಿಷದಲ್ಲಿ ಪೆನಾಲ್ಟಿ ಕೊಟ್ಟು 0–1. ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಅಲ್ಲೇ ರಾಜೀನಾಮೆ ಕೊಟ್ಟರು. ಕೋಚ್ ಬದಲಾದರು, ಅಭ್ಯಾಸ ಬದಲಾಗಲಿಲ್ಲ.

ಇನ್ನು ಬಲಿಷ್ಠರ ಎದುರು ಬೇರೆಯವರು ಈ ಟೂರ್ನಿಯಲ್ಲಿ ಏನು ಮಾಡಿದರು ನೋಡಿ. ಫಿಫಾ ಪಟ್ಟಿಯಲ್ಲಿ ನಮಗಿಂತ ನಾಲ್ಕು ಸ್ಥಾನ ಕೆಳಗಿದ್ದ ತಜಿಕಿಸ್ತಾನ, ಜೀವನದಲ್ಲಿ ಮೊದಲ ಸಲ ಏಷ್ಯನ್ ಕಪ್ ಆಡಿದವರು, ಯುಎಇಯನ್ನು ಪೆನಾಲ್ಟಿಯಲ್ಲಿ ಹೊರಹಾಕಿ ಕ್ವಾರ್ಟರ್ ಫೈನಲ್‌ಗೆ ಹೋದರು. 130ನೇ ಸ್ಥಾನದ ಮಲೇಷ್ಯಾ ಮೊದಲ ಎರಡು ಪಂದ್ಯ ಸೋತು ಆಗಲೇ ಹೊರಬಿದ್ದಿತ್ತು. ಕಳೆದುಕೊಳ್ಳೋಕೆ ಏನೂ ಉಳಿದಿರಲಿಲ್ಲ. ಕೊನೆಯ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು 3–3 ಮಾಡಿದರು. ಮೂರು ಗೋಲು, ಕೊರಿಯಾ ಎದುರು! 146ನೇ ಸ್ಥಾನದ ಇಂಡೋನೇಷ್ಯಾ ಮೊದಲ ಸಲ ನಾಕೌಟ್‌ಗೆ ಹೋಗಿ ಅಲ್ಲಿ ಇದೇ ಆಸ್ಟ್ರೇಲಿಯಾಕ್ಕೆ 0–4ರಿಂದ ಸೋತರು. ಮೊದಲಿನಿಂದಲೂ ಮುಂದೆ ಬಂದು ಒತ್ತಿದರು. ಒಂದು ತಮ್ಮದೇ ಗೋಲು, ಕೊನೆಯ ಎರಡು ಪಂದ್ಯ ಮುಗಿಯೋ ಹೊತ್ತಿಗೆ ಬಿದ್ದವು. ಲೆಕ್ಕದ ಪ್ರಕಾರ ನಾವು ಇಂಡೋನೇಷ್ಯಾಕ್ಕಿಂತ ಎರಡು ಗೋಲು ‘ಚೆನ್ನಾಗಿ’ ಸೋತೆವು. ಆದರೆ ಯಾವ ತಂಡದ ಅಭಿಮಾನಿ ಆಗೋಕೆ ನಿಮಗೆ ಇಷ್ಟ, ಎದೆ ಮುಟ್ಟಿಕೊಂಡು ಹೇಳಿ.

ಇಂಡೋನೇಷ್ಯಾದಲ್ಲಿ ಯುರೋಪಿನಲ್ಲಿ ಹುಟ್ಟಿ ಬೆಳೆದ ಹುಡುಗರಿದ್ದಾರೆ, ನಮಗೆ ಇಬ್ಬಗೆ ಪೌರತ್ವ ಇಲ್ಲ, ಆ ದಾರಿ ಮುಚ್ಚಿದೆ ಅನ್ನೋದು ನ್ಯಾಯವಾದ ಮಾತೇ. ಆದರೆ ಚೆಂಡು ಸಿಕ್ಕಾಗ ಮೂರನೇ ಪಾಸು ಸರಿಯಾಗಿ ಕೊಡೋದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

ಈಗ ಆ ಬೀಜದ ಮಾತಿಗೆ ಬರೋಣ. ಆಸ್ಟ್ರೇಲಿಯಾ ಪಂದ್ಯ ‘ಯಶಸ್ವಿ’ ಅಂತ ನಾವೆಲ್ಲ ಒಪ್ಪಿಕೊಂಡ ಐದು ದಿನಕ್ಕೆ, ಜನವರಿ 18ರಂದು, ಉಜ್ಬೇಕಿಸ್ತಾನ ಪಂದ್ಯ. ನಾಲ್ಕನೇ ನಿಮಿಷಕ್ಕೇ ಫೈಜುಲ್ಲಾಯೆವ್ ಗೋಲು ಹೊಡೆದ. ಗೋಡೆ ಕಟ್ಟೋ ತಂಡಕ್ಕೆ ನಾಲ್ಕನೇ ನಿಮಿಷಕ್ಕೆ ಗೋಡೆ ಬಿದ್ದರೆ ಮುಂದೇನು ಮಾಡಬೇಕು? ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಮುಗಿಯೋ ಹೊತ್ತಿಗೆ 0–3, ಪಂದ್ಯ ಮುಗಿದಾಗಲೂ ಅಷ್ಟೇ. ಜನವರಿ 23ರಂದು ಸಿರಿಯಾ. ಈ ಪಂದ್ಯ ಗೆದ್ದರೆ ಮೂರನೇ ಸ್ಥಾನದವರ ಲೆಕ್ಕದಲ್ಲಿ ಮುಂದಿನ ಸುತ್ತಿನ ಆಸೆ ಇತ್ತು. ಸಿರಿಯಾ ನಮಗಿಂತ ಹನ್ನೊಂದೇ ಸ್ಥಾನ ಮೇಲೆ, 91. ಇಲ್ಲಿ ಬಲಿಷ್ಠ–ದುರ್ಬಲ ಅನ್ನೋ ಮಾತಿಗೆ ಜಾಗವೇ ಇಲ್ಲ. 76ನೇ ನಿಮಿಷದಲ್ಲಿ ಒಮರ್ ಖ್ರಿಬಿನ್ ಹೊಡೆದ ಒಂದೇ ಗೋಲಿಗೆ ಪಂದ್ಯ ಹೋಯಿತು. ಮೊದಲ ಸಲ ನಾಕೌಟ್‌ಗೆ ಹೋದ ಖುಷಿಯಲ್ಲಿ ಅವರು ಕುಣಿದರು. ಆ ಖುಷಿಗೆ ನಾವೂ ಅಷ್ಟೇ ದೂರದಲ್ಲಿದ್ದೆವು.

ಆಸ್ಟ್ರೇಲಿಯಾ ಎದುರು ಗೋಲು ಹೊಡೆಯದಿದ್ದರೆ ‘ದೊಡ್ಡ ತಂಡ’ ಅನ್ನಬಹುದು. ಸಿರಿಯಾ ಎದುರು ಹೊಡೆಯದಿದ್ದರೆ ಏನನ್ನೋದು? ಬಲಿಷ್ಠ ಎದುರಾಳಿಯ ಪಂದ್ಯ ನಮ್ಮ ತಂಡಕ್ಕೆ ಪರೀಕ್ಷೆ ಅಂತ ನಾವು ತಿಳಿದಿದ್ದೀವಿ. ನಿಜವಾಗಿ ಅದು ಮರೆ. ಅಲ್ಲಿ ನಮ್ಮ ಕೊರತೆಗಳೆಲ್ಲ ಎದುರಾಳಿಯ ದೊಡ್ಡಸ್ತಿಕೆಯ ಹಿಂದೆ ಅಡಗಿಕೊಳ್ಳುತ್ತವೆ.

ಇದು ಈ ಸಲದ ಕಥೆ ಮಾತ್ರವೂ ಅಲ್ಲ. 2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಎದುರು ಚೆಟ್ರಿ ಇಲ್ಲದ ಭಾರತ 0–0 ಮಾಡಿತು. ಗುರ್‌ಪ್ರೀತ್ ಆವತ್ತು ಆಡಿದ್ದು ಅವರ ಜೀವನದ ಆಟ. ದೇಶ ಹಬ್ಬ ಮಾಡಿತು, ಮಾಡಬೇಕಾದ್ದೇ. ಆದರೆ ಮುಂದಿನ ತಿಂಗಳು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಬಾಂಗ್ಲಾದೇಶದ ಎದುರು 1–1, ಅದೂ 88ನೇ ನಿಮಿಷದಲ್ಲಿ ಆದಿಲ್ ಖಾನ್ ತಲೆ ಕೊಟ್ಟಿದ್ದರಿಂದ ಬಚಾವ್. ಅದರ ಮುಂದಿನ ತಿಂಗಳು ಅಫ್ಘಾನಿಸ್ತಾನದ ಎದುರು 1–1, ಅದೂ ಹೆಚ್ಚುವರಿ ಸಮಯದಲ್ಲಿ. ವಿಶ್ವಕಪ್ ಅರ್ಹತೆ ಕೈ ತಪ್ಪಿದ್ದು ಕತಾರ್‌ನಿಂದಲ್ಲ. ಸರಿಸಮಾನರನ್ನು ಮನೆಯಂಗಳದಲ್ಲೂ ಸೋಲಿಸೋಕೆ ಆಗದೆ ಹೋಗಿದ್ದರಿಂದ. ದೊಡ್ಡವರಿಗೆ ತಡೆ ಒಡ್ಡಿದ್ದನ್ನು ನಾವು ನೆನಪಿಟ್ಟುಕೊಂಡೆವು, ಸಮಾನರಿಗೆ ಗೋಲು ಹೊಡೆಯದ್ದನ್ನು ಮರೆತೆವು.

ಕೆಲವರು ಇನ್ನೂ ಹಿಂದಕ್ಕೆ ಹೋಗ್ತಾರೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದು ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4–2ರಿಂದ ಸೋಲಿಸಿದ ಕಥೆ. ಹೆಮ್ಮೆಯ ಕಥೆಯೇ. ನಾಲ್ಕನೇ ಸ್ಥಾನ ಪಡೆದ ತಂಡ ಅದು. ಆದರೆ ಆ ನೆನಪಿನಲ್ಲಿ ಮುಖ್ಯವಾದ್ದು ‘ನಾವೂ ಒಂದು ಕಾಲದಲ್ಲಿ’ ಅನ್ನೋ ನಿಟ್ಟುಸಿರಲ್ಲ. ಕೋಚ್ ಸೈಯದ್ ಅಬ್ದುಲ್ ರಹೀಮ್ ಕಟ್ಟಿದ ಆ ತಂಡ ಗೋಲು ಹೊಡೆಯೋಕೆ ಅಂತಲೇ ಮೈದಾನಕ್ಕೆ ಇಳಿದಿತ್ತು, ಅದು ಮುಖ್ಯ.

ಹಾಗಾದರೆ ಹೊಡೆಯೋರು ಯಾಕಿಲ್ಲ? ಎಲ್ಲಾ ಹೊರೆಯನ್ನೂ ಸ್ಟಿಮಾಚ್ ತಲೆಗೆ ಕಟ್ಟೋದು ಸುಲಭ, ನ್ಯಾಯ ಅಲ್ಲ. 2023–24ರ ಐಎಸ್‌ಎಲ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಮೈದಾನಕ್ಕೆ ಇಳಿಸಬಹುದಿತ್ತು. ದುಡ್ಡು ಕೊಟ್ಟು ತಂದವರನ್ನು ಕ್ಲಬ್ಬುಗಳು ಎಲ್ಲಿ ಆಡಿಸುತ್ತವೆ? ಗೋಲು ಹೊಡೆಯೋ ಜಾಗದಲ್ಲಿ, ಗೋಲಿಗೆ ಪಾಸ್ ಕೊಡೋ ಜಾಗದಲ್ಲಿ. ಉಳಿದ ಅಂಚುಗಳು ನಮ್ಮವರಿಗೆ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ತಗೊಳ್ಳಿ. ದೇಶದ ಅತಿ ಹೆಚ್ಚು ಗೋಲಿನ ಸರದಾರ ಚೆಟ್ರಿಯೇ ಮಿಕು ಇದ್ದ ದಿನಗಳಲ್ಲಿ ಎಡ ಅಂಚಿನಲ್ಲಿ ಆಡ್ತಿದ್ದರು, ಮಧ್ಯದಲ್ಲಿ ಮಿಕು. ಕ್ಲಬ್ಬಿಗೆ ಅದು ಸರಿಯಾದ ಲೆಕ್ಕ, 2018–19ರಲ್ಲಿ ಕಪ್ಪೂ ಬಂತು. ಆದರೆ ಎಲ್ಲಾ ಕ್ಲಬ್ಬೂ ಅದೇ ಲೆಕ್ಕ ಹಾಕಿದರೆ ದೇಶಕ್ಕೆ ಒಂಬತ್ತನೇ ನಂಬರಿನ ಅಂಗಿ ಹಾಕೋನು ಎಲ್ಲಿಂದ ಬರ್ತಾನೆ? ಉತ್ತರ ನಮ್ಮ ಕಣ್ಣ ಮುಂದೆಯೇ ಇದೆ. 2011ರಲ್ಲಿ ಆಸ್ಟ್ರೇಲಿಯಾ ಎದುರಿನ ತಂಡದಲ್ಲಿದ್ದ ಮನುಷ್ಯನೇ ಹದಿಮೂರು ವರ್ಷ ಬಿಟ್ಟು, ಅದೇ ದೇಶದಲ್ಲಿ, ಅದೇ ಎದುರಾಳಿಯ ಮುಂದೆ, ಒಬ್ಬನೇ ಮುಂದೆ ನಿಂತಿದ್ದ. ಇದು ಚೆಟ್ರಿಯ ಹೆಚ್ಚುಗಾರಿಕೆ ನಿಜ. ಜೊತೆಗೆ ನಮ್ಮ ಫುಟ್ಬಾಲ್ ವ್ಯವಸ್ಥೆಯ ಮೇಲಿನ ಆರೋಪಪಟ್ಟಿ ಕೂಡ.

ಆದರೂ ಕೋಚ್‌ಗೆ ಪೂರ್ತಿ ಮಾಫಿ ಇಲ್ಲ. ಯಾಕೆಂದರೆ ಈ ತಂಡ ಬೇರೆ ಥರ ಆಡಬಲ್ಲದು ಅನ್ನೋದಕ್ಕೆ ಬೆಂಗಳೂರೇ ಸಾಕ್ಷಿ. 2023ರ ಜೂನ್–ಜುಲೈನಲ್ಲಿ ಕಂಠೀರವದಲ್ಲಿ ನಡೆದ ಸ್ಯಾಫ್ ಟೂರ್ನಿ ನೋಡಿದವರಿಗೆ ಗೊತ್ತು. ಸೆಮಿಫೈನಲಿನಲ್ಲಿ ಲೆಬನಾನ್, ಫೈನಲಿನಲ್ಲಿ ಕುವೈತ್. ಎರಡೂ ಸುಲಭದ ತುತ್ತಲ್ಲ, ಎರಡನ್ನೂ ಪೆನಾಲ್ಟಿಯಲ್ಲಿ ಗೆದ್ದೆವು. ಫೈನಲಿನಲ್ಲಿ ಮೊದಲು ಗೋಲು ಬಿಟ್ಟರೂ ತಂಡ ಹಿಂದೆ ಕೂರಲಿಲ್ಲ. ಸಣ್ಣ ಸಣ್ಣ ಪಾಸುಗಳಲ್ಲಿ ಕಟ್ಟಿಕೊಂಡು ಹೋಗಿ ಚಾಂಗ್ಟೆ ಸಮ ಮಾಡಿದ. ಆ ತಿಂಗಳು ನಾವು ಫಿಫಾ ಪಟ್ಟಿಯಲ್ಲಿ ನೂರರ ಒಳಗೆ ಬಂದೆವು, 99. ನವೆಂಬರಿನಲ್ಲಿ ಕುವೈತಿಗೇ ಹೋಗಿ ಮನ್ವೀರ್ ಗೋಲಿನಿಂದ 1–0 ಗೆದ್ದು ಬಂದೆವು. ಆ ಆಟಗಾರರೇ ಜನವರಿಯಲ್ಲಿ ಅಲ್ ರಯ್ಯಾನ್‌ನಲ್ಲಿ ಇದ್ದದ್ದು. ಕಾಲು ಅದೇ, ತಲೆಯಲ್ಲಿ ತುಂಬಿದ್ದು ಬೇರೆ.

ಆಸ್ಟ್ರೇಲಿಯಾ ಎದುರು ಕುವೈತ್ ಎದುರಿನಂತೆ ಆಡಿ ಅಂತ ಯಾರೂ ಕೇಳ್ತಿಲ್ಲ. ಕೇಳೋದು ಇಷ್ಟೇ. 0–1 ಆದ ಮೇಲೆ ಕಾಪಾಡೋಕೆ ಏನು ಉಳಿದಿತ್ತು? ಇನ್ನೂ ನಲವತ್ತು ನಿಮಿಷ ಇತ್ತು. ಚಾಂಗ್ಟೆಯನ್ನು ಹತ್ತು ಮೀಟರ್ ಮುಂದೆ ನಿಲ್ಲಿಸಬಹುದಿತ್ತು. ಸೋಲು ಒಂದಾದರೂ ಸೋಲೇ, ಮೂರಾದರೂ ಸೋಲೇ. ಆದರೆ ಆ ನಲವತ್ತು ನಿಮಿಷದಲ್ಲಿ ಬಲಿಷ್ಠರ ಎದುರು ಚೆಂಡು ಕಾಲಲ್ಲಿಟ್ಟುಕೊಳ್ಳೋದನ್ನು ಕಲಿಯೋಕೆ ನಮಗೆ ಸಿಕ್ಕಿದ್ದಂಥ ಪಾಠಶಾಲೆ ದುಡ್ಡು ಕೊಟ್ಟರೂ ಸಿಗಲ್ಲ. ಗೋಲು ವ್ಯತ್ಯಾಸ ಕಾಪಾಡೋ ಲೆಕ್ಕದಲ್ಲಿ ಆ ಪಾಠ ತಪ್ಪಿಸಿಕೊಂಡೆವು. ಐದು ದಿನದಲ್ಲಿ ಉಜ್ಬೇಕರು ಗೋಲು ವ್ಯತ್ಯಾಸವನ್ನೂ ಕಸಿದುಕೊಂಡರು.

ನೋಡುವ ನಮಗೂ ಇಲ್ಲಿ ಒಂದು ಕೆಲಸ ಇದೆ. ‘ಎಷ್ಟು ಗೋಲಿಂದ ಸೋತ್ರು?’ ಅಂತ ಕೇಳೋದನ್ನು ಸ್ವಲ್ಪ ಬಿಡೋಣ. ಬೇರೆ ಪ್ರಶ್ನೆ ಕೇಳೋಣ. ಚೆಂಡು ಕಸಿದುಕೊಂಡ ಮೇಲೆ ಎಷ್ಟು ಪಾಸು ಆಡಿದ್ರು? ಎದುರಾಳಿ ಕೀಪರ್ ಎಷ್ಟು ಸಲ ನೆಲಕ್ಕೆ ಬಿದ್ದ? ಒಂದು ಗೋಲು ಹಿಂದೆ ಬಿದ್ದಾಗ ಆಟ ಬದಲಾಯಿತಾ? ಚಪ್ಪಾಳೆ ಯಾವುದಕ್ಕೆ ಸಿಗುತ್ತೋ ತಂಡ ಅದನ್ನೇ ಮತ್ತೆ ಮಾಡುತ್ತೆ. ಕಡಿಮೆ ಗೋಲಿಗೆ ಸೋತು ಬಂದದ್ದಕ್ಕೆ ಚಪ್ಪಾಳೆ ಹೊಡೆದರೆ, ಕಡಿಮೆ ಗೋಲಿಗೆ ಸೋಲೋದನ್ನೇ ಅಭ್ಯಾಸ ಮಾಡಿಕೊಳ್ತಾರೆ.

2024ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತೆಗಾಗಿ ಅಫ್ಘಾನಿಸ್ತಾನದ ಜೊತೆ ಎರಡು ಪಂದ್ಯ ಇದ್ದವು, ಒಂದು ಹೊರಗೆ, ಇನ್ನೊಂದು ಗುವಾಹಟಿಯಲ್ಲಿ. ಗುಂಪಿನಲ್ಲಿ ಮೊದಲ ಎರಡರಲ್ಲಿ ನಿಂತಿದ್ದರೆ ಮೂರನೇ ಸುತ್ತು. ಭಾರತ ಈವರೆಗೆ ಕಾಣದ ಸುತ್ತು ಅದು. ಅಲ್ಲಿ ಎದುರಾಳಿ ದೊಡ್ಡವರಲ್ಲ. ಹಿಂದೆ ಕೂತರೆ ಹೊಗಳೋರು ಯಾರೂ ಇರಲಿಲ್ಲ. ಆರೂವರೆ ಅಡಿಯ ಸೌಟರ್ ಇರಲಿಲ್ಲ, ವಿಶ್ವಕಪ್ ಆಡಿ ಬಂದ ಹೆಸರುಗಳಿರಲಿಲ್ಲ, ನೆಪಕ್ಕೆ ಏನೂ ಇರಲಿಲ್ಲ. ಚೆಂಡು ನಮ್ಮ ಕಾಲಲ್ಲಿ ಇರಬೇಕಾಗಿತ್ತು. ಅದನ್ನು ಏನು ಮಾಡಬೇಕು ಅನ್ನೋದು ನಮಗೆ ಗೊತ್ತಿದೆಯಾ ಅಂತ ಆವತ್ತು ತಿಳಿಯಬೇಕಿತ್ತು.